ಜಡೆಗಳು ಮಾತ್ರ ಕಂಡ ಪಾಠ

ಹಾಲು ಉಕ್ಕುವ ಮೊದಲೇ ಉಕ್ಕೀತೆಂದು ಚಿಂತೆ ಮಾಡುವವಳು ನಾನು. ಉಕ್ಕದಿದ್ದರೆ ಹಾಲಿನಲ್ಲೇ ಏನೋ ಐಬಿರಬೇಕೆಂದು ಚಿಂತೆ. ಇಂಥವಳು ನಲವತ್ತು ದಾಟಿ, ಮಂಡಿ ನೋವು ಶುರುವಾದ ಮೇಲೆ ಬಿ.ಎಡ್. ಸೇರುತ್ತೇನೆಂದಾಗ ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಒಬ್ಬರೂ ಬೇಡವೆನ್ನಲಿಲ್ಲ. ಇವಳು ದಿನಾ ರಾಮನಗರಕ್ಕೆ ಹೋಗಿ ಅಲ್ಲಿ ಚಿಂತೆ ಮಾಡಿಕೊಂಡು ಬಂದರೆ ನಮಗಾದರೂ ನೆಮ್ಮದಿ ಎಂದು ಅವರು ಲೆಕ್ಕ ಹಾಕಿದ್ದರೆ ಅದರಲ್ಲಿ ತಪ್ಪೇನೂ ಇಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿರುವ ನನ್ನ ಗಂಡ ಮಾತ್ರ, "ಸೇರ್ಕೋ. ಪರೀಕ್ಷೆ ಬರೆಯೋಳು ನೀನು, ಜ್ವರ ಬರೋದು ನಂಗೆ" ಎಂದರು.

ಕಾಲೇಜಿನ ಮೊದಲ ದಿನ ನಾನು ಒಳಗೆ ಕಾಲಿಟ್ಟಾಗ ಇಡೀ ತರಗತಿ ಎದ್ದು ನಿಂತಿತು. ಲೆಕ್ಚರರ್ ಬಂದರೆಂದು ತಿಳಿದಿದ್ದರು. ನಾನೂ ಗಾಬರಿಯಲ್ಲಿ "ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದೆ. ಅವರು ಕೂತರು. ನಾನು ನಿಧಾನವಾಗಿ ನಡೆದುಹೋಗಿ ಅವರ ಪಕ್ಕದ ಬೆಂಚಿನಲ್ಲೇ ಕೂತೆ. ಅಲ್ಲಿಂದಾಚೆಗೆ ನಾನು ಇಡೀ ಕಾಲೇಜಿಗೆ ಆಂಟಿ.

ಪಾಠಕ್ಕೆ ತಂತ್ರಜ್ಞಾನ ಬಳಸುವುದು ಹೇಗೆಂದು ಹೇಳಿಕೊಡುತ್ತಿದ್ದ ಮೇಷ್ಟ್ರು ನನಗಿಂತ ಚಿಕ್ಕವರು. ಸಂಕೋಚಕ್ಕೋ ಏನೋ, ನನ್ನನ್ನು ಒಮ್ಮೆ "ಅಮ್ಮ" ಎಂದರೆ ಇನ್ನೊಮ್ಮೆ "ಮೇಡಮ್" ಎನ್ನುತ್ತಿದ್ದರು. ಅವರು ಒಂದು ದಿನ ಜವಾಬ್ದಾರಿಯ ಬಗ್ಗೆ ಮಾತಾಡಿದರು. ಮಕ್ಕಳ ಫೋಟೋ ತೆಗೆಯುವ ಮೊದಲು ಹೆತ್ತವರನ್ನು ಕೇಳಿ. ತೆಗೆದದ್ದನ್ನು ಸ್ಟೇಟಸ್ಸಿಗೆ ಹಾಕಿಕೊಂಡು ಮೆರೆಯಬೇಡಿ. ಎ.ಐ. ಆ್ಯಪಿನ ಹತ್ತಿರ ಏನಾದರೂ ಬರೆಸಿಕೊಂಡರೆ ಬರೆಸಿಕೊಂಡೆವೆಂದು ಹೇಳಿ. ನಮ್ಮ ತರಗತಿಯ ಹುಡುಗ ಹುಡುಗಿಯರು ಇದನ್ನೆಲ್ಲ ಬರೆದುಕೊಂಡು, ಆ ಪುಟದ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದರು. ನನಗೆ ಮಾತ್ರ ಅದು ಜ್ವರದಂತೆ ಹತ್ತಿಕೊಂಡಿತು.

ಮುಂದಿನ ಪಾಠಯೋಜನೆಯ ಕೊನೆಯಲ್ಲಿ ನಾನು ಹೀಗೆ ಬರೆದೆ: "ಮೊದಲ ಕರಡು ಆ್ಯಪಿನದು. ಅದರಲ್ಲಿದ್ದ ತಪ್ಪುಗಳೂ ಅದರವೇ. ಈಗಿರುವ ತಪ್ಪುಗಳು ನನ್ನವು. ಚಾರ್ಟಿನ ಅಂಚಿನ ಹೂಬಳ್ಳಿ ಮಗಳದು. ಬರೆಯುವಾಗ ಎರಡು ಸಲ ಕಾಫಿ ಮಾಡಿಕೊಟ್ಟವರು ಯಜಮಾನರು." ಮೇಷ್ಟ್ರು ಅದನ್ನು ಓದಿ, "ಇಷ್ಟೊಂದು ಬೇಡಮ್ಮ" ಎಂದರು.

ಇದೆಲ್ಲ ತಮಾಷೆಯಾಗಿಯೇ ನಡೆದಿತ್ತು, ನನ್ನ ಮೊದಲ ಅಭ್ಯಾಸ ಪಾಠ ನೆಲಕಚ್ಚುವವರೆಗೆ. ಬಿ.ಎಡ್. ಮಾಡುವವರು ಯಾವುದಾದರೊಂದು ಶಾಲೆಗೆ ಹೋಗಿ ಪಾಠ ಮಾಡಬೇಕು. ನನಗೆ ಸಿಕ್ಕಿದ್ದು ಕೆಂಗಲ್ ದಾಟಿ ಒಳಗೆ ಹೋದರೆ ಸಿಗುವ ಒಂದು ಹೈಸ್ಕೂಲು, ಎಂಟನೇ ತರಗತಿ, ವಿಜ್ಞಾನ. ಅದನ್ನು ನೋಡಲು ಬಂದಿದ್ದ ಕಾಲೇಜಿನ ಅದೇ ಮೇಷ್ಟ್ರು ಬರೆದ ಷರಾ ನನಗೆ ಬಾಯಿಪಾಠವಾಗಿದೆ: "ಶಿಕ್ಷಕಿಯೇ ಪ್ರಶ್ನೆ ಕೇಳಿ ಶಿಕ್ಷಕಿಯೇ ಉತ್ತರಿಸುತ್ತಾರೆ. ಮಕ್ಕಳು ಇದ್ದರೆಂಬುದಕ್ಕೆ ಹಾಜರಿ ಒಂದೇ ಆಧಾರ." ನಿಜವೇ. ಮಕ್ಕಳು ಸುಮ್ಮನಿದ್ದರೆ ನನಗೆ ಭಯವಾಗುತ್ತದೆ, ಭಯವಾದರೆ ಮಾತು ಬರುತ್ತದೆ, ಬಂದ ಮಾತು ನಿಲ್ಲುವುದಿಲ್ಲ.

ಉಳಿದದ್ದು ಅಂತಿಮ ಪಾಠ. ಅದನ್ನು ವಿಡಿಯೋ ಮಾಡಿ ಕೊಡಬೇಕು. ಅದರಲ್ಲೂ ಮಕ್ಕಳು ಬಾಯಿ ಬಿಡದಿದ್ದರೆ ಮುಂದಿನ ವರ್ಷ ಮತ್ತೆ ಅಭ್ಯಾಸ ಪಾಠ, ಮತ್ತೆ ಅದೇ ಬಸ್ಸು, ಮತ್ತೆ ಆಂಟಿ. ಆ ತರಗತಿಯಲ್ಲಿ ಬಾಯಿ ಬಿಡುತ್ತಿದ್ದದ್ದು ಒಬ್ಬಳೇ ಹುಡುಗಿ. ಮೊದಲ ಪಾಠದ ದಿನ ಅವಳು ರಜೆ. ಮಾರನೇ ದಿನ ಬಂದವಳು ನಾನು ಕೇಳುವ ಮೊದಲೇ ಉತ್ತರ ಹೇಳತೊಡಗಿದಳು. ಅವಳು ಒಂದು ಹೇಳಿದರೆ ಅವಳನ್ನು ಸುಳ್ಳು ಮಾಡಲು ಹಿಂದಿನ ಬೆಂಚಿನ ಹುಡುಗರು ಇನ್ನೊಂದು ಹೇಳುತ್ತಿದ್ದರು. ಹುಡುಗರು ಹೇಳಿದ್ದಕ್ಕೆ ಇಡೀ ತರಗತಿ ನಗುತ್ತಿತ್ತು. ನಗು ಬಂದಮೇಲೆ ಎಲ್ಲರಿಗೂ ಮಾತು ಬರುತ್ತಿತ್ತು. ಅವಳಿಲ್ಲದಿದ್ದರೆ ಆ ಕೋಣೆ ಮುಚ್ಚಳ ಹಾಕಿದ ಉಪ್ಪಿನಕಾಯಿ ಜಾಡಿ.

ಹಾಗಾಗಿ ನನ್ನ ಬಿ.ಎಡ್. ಪದವಿ ಆ ಹುಡುಗಿಯ ನಾಲಿಗೆಯ ಮೇಲೆ ನಿಂತಿತ್ತು. ಇದು ಅವಳಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ, ಗೊತ್ತಾದರೆ ಅವಳು ಸುಮ್ಮನಿರುವ ಜಾತಿಯಲ್ಲ.

ಮೊದಲು ಹೆತ್ತವರ ಒಪ್ಪಿಗೆ. ಒಪ್ಪಿಗೆ ಪತ್ರ ಬರೆದುಕೊಡೆಂದು ಆ್ಯಪಿಗೆ ಹೇಳಿದೆ. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಪುಟ ತುಂಬ ಕನ್ನಡ ಸುರಿಯಿತು. ತಮ್ಮ ಪೋಷಣೆಯಲ್ಲಿರುವ ಅಪ್ರಾಪ್ತ ವಯಸ್ಕರ ದೃಶ್ಯ ಶ್ರಾವ್ಯ ದತ್ತಾಂಶವನ್ನು ಶೈಕ್ಷಣಿಕ ಉದ್ದೇಶಕ್ಕಾಗಿ ಸ್ವಾಧೀನಪಡಿಸಿಕೊಳ್ಳಲು ತಮ್ಮ ಆಕ್ಷೇಪಣೆಯೇನಾದರೂ ಇದ್ದಲ್ಲಿ ಎಂದು ಶುರುವಾಗಿ, ಉಸಿರು ಬಿಡದೆ ಕೆಳಗಿಳಿಯುತ್ತಿತ್ತು. ಎಷ್ಟು ಗಂಭೀರವಾಗಿದೆ ಎಂದು ನಾನು ಮೆಚ್ಚಿ ತಲೆದೂಗಿದೆ. ಗಂಡ ಪ್ರತಿ ತೆಗೆದುಕೊಟ್ಟರು. ಭಾನುವಾರ ಕಟ್ಟು ಹಿಡಿದುಕೊಂಡು ಊರೊಳಗೆ ಹೊರಟೆ.

ಮೊದಲ ಮನೆಯ ಜಗುಲಿಯಲ್ಲಿ ಒಬ್ಬ ತಾತ ಕೂತಿದ್ದರು. ಪತ್ರವನ್ನು ದೂರ ಹಿಡಿದು, ಹತ್ತಿರ ತಂದು, ಮತ್ತೆ ದೂರ ಹಿಡಿದು ಓದಿದರು. ಅವರ ಮುಖದ ಬಣ್ಣ ಇಳಿಯಿತು.

"ಸ್ವಾಧೀನ ಅಂತ ಬರ್ದೈತಲ್ಲವ್ವ. ಯಾವ್ ಸರ್ವೆ ನಂಬರು?"

"ಅಯ್ಯೋ, ಜಮೀನಲ್ಲ ತಾತ. ನಿಮ್ಮ ಮೊಮ್ಮಗನ ವಿಡಿಯೋ ತೆಗೀಬೇಕು, ಅದಕ್ಕೆ."

"ಅವನಾ?" ತಾತ ಉಸಿರು ಬಿಟ್ಟರು. "ಅವನ್ನ ಬೇಕಾರೆ ಪೂರ್ತಿ ತಗಂಡೋಗಿ. ತೆಂಗಿನ ತೋಟಕ್ ಮಾತ್ರ ಕೈ ಹಾಕ್ಬ್ಯಾಡಿ."

ಹೆದ್ದಾರಿಗೆ ಜಮೀನು ಕೊಟ್ಟು ಕೈ ಸುಟ್ಟುಕೊಂಡ ಊರುಗಳಿವು. ದಪ್ಪ ಕನ್ನಡದ ಯಾವ ಕಾಗದ ಬಂದರೂ ಇಲ್ಲಿ ಮೊದಲು ಜಿಗಿಯುವುದು ಎದೆ. ಇದು ನನಗೆ ಗೊತ್ತಿರಬೇಕಿತ್ತು, ಆ್ಯಪಿಗೆ ಹೇಗೆ ಗೊತ್ತಾಗಬೇಕು. ಅಲ್ಲೇ ಜಗುಲಿಯಲ್ಲಿ ಕೂತು ಪ್ರತಿ ಹಾಳೆಯ ಹಿಂಬದಿಗೂ ನಾಲ್ಕು ಸಾಲು ಕೈಯಲ್ಲಿ ಬರೆದೆ: ನಾನು ಟೀಚರ್ ಆಗಲು ಓದುತ್ತಿದ್ದೇನೆ. ನಿಮ್ಮ ಮಗು ಕೂತಿರುವ ತರಗತಿಯಲ್ಲಿ ಪಾಠ ಮಾಡುವಾಗ ಫೋನಿನಲ್ಲಿ ವಿಡಿಯೋ ತೆಗೆಯುತ್ತೇನೆ. ಅದನ್ನು ನಮ್ಮ ಕಾಲೇಜಿನವರು ಮಾತ್ರ ನೋಡುತ್ತಾರೆ. ಆಗಬಹುದೋ, ಬೇಡವೋ ಬರೆಯಿರಿ. ತಾತ ಅದನ್ನು ಓದಿ, "ಇದ್ನೇ ಮೊದ್ಲು ಕೊಟ್ಟಿದ್ರೆ ನನ್ ಬಿ.ಪಿ. ಉಳೀತಿತ್ತು" ಎಂದು ಆಗಬಹುದು ಎಂದು ಸಹಿ ಹಾಕಿದರು.

ಆದರೆ ನಾಲ್ಕು ಸಾಲು ಬರೆದರೂ ಓದುವವರು ಎರಡನೆಯದಕ್ಕೇ ನಿಲ್ಲಿಸುತ್ತಾರೆ. ನಾನು ಬೀದಿಯ ಈ ತುದಿಯಲ್ಲಿ "ವಿಡಿಯೋ" ಎಂದದ್ದು ಆ ತುದಿ ಮುಟ್ಟುವಷ್ಟರಲ್ಲಿ "ಶೂಟಿಂಗ್" ಆಗಿತ್ತು. ಒಬ್ಬಾಕೆ ಯಾವ ಚಾನೆಲ್ಲಿನಲ್ಲಿ ಬರುತ್ತದೆಂದು ಕೇಳಿದರು. ಇನ್ನೊಬ್ಬರು ಮಗನನ್ನು ಎಳೆದು ತಂದು ನಿಲ್ಲಿಸಿ, "ಡ್ಯಾನ್ಸ್ ಮಾಡ್ತಾನೆ ಮೇಡಮ್, ಮಾಡ್ಲಾ ತೋರ್ಸು" ಎಂದರು. ಅವನು ಮಾಡಿಯೇಬಿಟ್ಟ. ನಾನು ಘರ್ಷಣೆ ಎಂಬ ಪಾಠ ಇದೆಂದು, ಡ್ಯಾನ್ಸ್ ಇಲ್ಲವೆಂದು ಎಷ್ಟು ಹೇಳಿದರೂ, "ಅದ್ರ ಮಧ್ಯಕ್ಕೆ ಒಸಿ ಸೇರ್ಸ್ಕಳಿ" ಎಂಬ ಸಲಹೆ ಬಂತು. ಪ್ರತಿ ಮನೆಯಲ್ಲೂ ಏನಾದರೂ ಬಾಯಿಗಿಟ್ಟುಕೊಳ್ಳದೆ ಎದ್ದರೆ ಮರ್ಯಾದೆಯಲ್ಲ. ಹೊಟ್ಟೆಯಲ್ಲಿ ಪಾನಕ, ಮಜ್ಜಿಗೆ, ಚಕ್ಕುಲಿ, ಅರ್ಧ ಮುದ್ದೆ, ಮತ್ತೆ ಪಾನಕ ಎಲ್ಲ ಕುಲುಕುತ್ತಿದ್ದವು. ಕೈಯಲ್ಲಿ ಸಹಿಗಳು. ನನಗೆ ತಲೆ ತಿರುಗುವಷ್ಟು ಖುಷಿ. ಇಡೀ ಊರು ಹ್ಞೂಂ ಅಂದಿತ್ತು.

ಒಂದು ಮನೆ ಉಳಿದಿತ್ತು. ಆ ಹುಡುಗಿಯದು.

ಅವಳ ತಾಯಿ ಬೊಂಬೆ ಮಾಡುವ ಒಂದು ಘಟಕದಲ್ಲಿ ಕೆಲಸಕ್ಕಿದ್ದರು. ಭಾನುವಾರವಾದ್ದರಿಂದ ಮನೆಯಲ್ಲೇ ಸಿಕ್ಕರು. ಪತ್ರ ಓದಿದರು. ನಾಲ್ಕನೆಯ ಸಾಲಿನ ‘ಬೇಡವೋ’ ಎಂಬುದನ್ನೂ ಓದಿದ ಊರಿನ ಒಬ್ಬರೇ ಅವರು.

"ಬ್ಯಾಡ ಮೇಡಮ್" ಎಂದರು.

ನಾನು ಮೂರನೆಯ ಸಾಲನ್ನು ಬೆರಳಿಟ್ಟು ತೋರಿಸಿದೆ. "ಯಾಕೆ? ಕಾಲೇಜಿನವರು ಮಾತ್ರ ನೋಡೋದು."

"ಬನ್ನಿ ಇಲ್ಲಿ" ಎಂದು ಹಿತ್ತಲಿಗೆ ಕರೆದುಕೊಂಡು ಹೋದರು. ಪಕ್ಕದ ಮನೆಯವರ ಕೋಳಿಗೂಡು ಅಲ್ಲಿಂದ ಕಾಣುತ್ತಿತ್ತು. ಗೂಡಿನ ಮೇಲೆ ಮಳೆ ಸೋರದಿರಲೆಂದು ಫ್ಲೆಕ್ಸ್ ಹೊದೆಸಿದ್ದರು. ಯಾರೋ ಮುಖಂಡರ ಹುಟ್ಟುಹಬ್ಬಕ್ಕೆ ಶುಭ ಕೋರುವ ಫ್ಲೆಕ್ಸು. ಮುಖಂಡರು ಗೂಡಿನ ಆ ಬದಿಗೆ ಹೋಗಿದ್ದರು. ಈ ಬದಿಗೆ ಉಳಿದದ್ದು ಅವರಿಂದ ನೋಟ್‌ಬುಕ್ ತೆಗೆದುಕೊಳ್ಳುತ್ತಿರುವ ಒಬ್ಬ ಹುಡುಗಿಯ ಮುಖ, ತಟ್ಟೆಯಷ್ಟು ಅಗಲ, ನಗುತ್ತಿತ್ತು. ಅದರ ಹಣೆಯ ಮೇಲೆ ಒಂದು ಹುಂಜ ಕೂತಿತ್ತು.

"ಸ್ಕೂಲಲ್ಲಿ ನೋಟ್‌ಬುಕ್ ಕೊಟ್ಟಾಗ ತಗ್ದಿದ್ದು. ನನ್ ಮಗಳ್ದೇ. ಕೇಳ್ನಿಲ್ಲ, ಮಾಡ್ನಿಲ್ಲ. ಸರ್ಕಲ್ಲಲ್ಲಿ ನಿಲ್ಸುದ್ರು, ಹಬ್ಬ ಮುಗೀತು, ಇವ್ರು ಬಿಚ್ಕಂಡ್ ಬಂದ್ರು. ತಗ್ದಾಕ್ರವ್ವ ಅಂದ್ರೆ, ಒಳ್ಳೆ ಶೀಟು ಕಣಕ್ಕ, ಒಂದ್ ಹನಿ ಸೋರಲ್ಲ ಅಂತಾರೆ. ದಿನಾ ಬೆಳಿಗ್ಗೆ ಹಲ್ಲುಜ್ಜಕ್ಕೆ ಬಂದ್ರೆ ನನ್ ಮಗಳ ಮಖದ ಮ್ಯಾಲೆ ಕೋಳಿ ಕುಂತಿರೋದ ನೋಡ್ಬೇಕು ನಾನು. ಬೀದಿ ಹುಡ್ಗುರು ಅವಳ್ನ ಕೋಳಿ ಶೀಟು ಅಂತಾರೆ."

ನಗಬಾರದೆಂದು ತುಟಿ ಕಚ್ಚಿಕೊಂಡೆ. ಅವರೇ ಮೊದಲು ನಕ್ಕರು. ನಕ್ಕು, "ನಗೀರಿ ಬುಡಿ ಮೇಡಮ್, ನಗೋ ಹಂಗೇ ಐತೆ. ಆದ್ರೆ ಮಖ ಬ್ಯಾಡ" ಎಂದರು. ನಗು ಬೇರೆ, ಒಪ್ಪಿಗೆ ಬೇರೆ ಎನ್ನುವುದು ಆ ದನಿಯಲ್ಲಿ ಸ್ಪಷ್ಟವಿತ್ತು. ಬೇಡ ಎಂದು ಬರೆದು ಸಹಿ ಹಾಕಿ ಕೊಟ್ಟರು. ಬಾಳೆಹಣ್ಣು ಕೊಟ್ಟರು.

ಬಸ್ಸಿನಲ್ಲಿ ಕೂತು ನಾನು ಬಾಳೆಹಣ್ಣು ತಿನ್ನುತ್ತ ನನ್ನ ಚಿಂತೆಯ ಗೋಣಿಚೀಲ ಬಿಚ್ಚಿದೆ. ಅವಳಿದ್ದರೆ ಮುಖ ಬರುತ್ತದೆ. ಮುಖ ಬರಬಾರದೆಂದರೆ ಅವಳಿರಬಾರದು. ಅವಳಿಲ್ಲದಿದ್ದರೆ ಪಾಠವಿಲ್ಲ.

ಪರಿಹಾರಗಳಿಗೇನೂ ಬರವಿರಲಿಲ್ಲ. ಕಾಲೇಜಿನಲ್ಲಿ ನನ್ನ ಪಕ್ಕ ಕೂರುವ ಮಾಗಡಿಯ ಹುಡುಗಿ, "ಬ್ಲರ್ ಮಾಡ್ಬಿಡಿ ಆಂಟಿ, ಒಂದು ಆ್ಯಪ್ ಐತೆ, ಯಾರ ಮುಖ ಬೇಡ್ವೋ ಅದನ್ನ ಮಸುಕು ಮಾಡುತ್ತೆ" ಎಂದಳು. ಆ ಆ್ಯಪನ್ನು ಮೊದಲು ನನ್ನ ಗಂಡನ ಮೇಲೆ ಪ್ರಯೋಗಿಸಿದೆ. ಅವರು ಊಟ ಮಾಡುತ್ತಿರುವ ವಿಡಿಯೋ ತೆಗೆದು ಮುಖ ಮಸುಕು ಮಾಡೆಂದೆ. ಅದು ಗೋಡೆಯ ಕ್ಯಾಲೆಂಡರಿನಲ್ಲಿದ್ದ ಆಂಜನೇಯನನ್ನು ಮಸುಕು ಮಾಡಿತು. ಮೂಲೆಯಲ್ಲಿದ್ದ ಕುಂಬಳಕಾಯನ್ನು ಮಸುಕು ಮಾಡಿತು. ನನ್ನ ಗಂಡ ಮಾತ್ರ ಹೊಳೆಯುತ್ತ ಅನ್ನ ಕಲಸುತ್ತಿದ್ದರು.

"ನನ್ ಮುಖ ಅದಕ್ಕೆ ಮುಖ ಅಂತ ಅನ್ನಿಸ್ಲಿಲ್ಲ" ಎಂದರು ಅವರು, ನೋವಿನಿಂದ.

ಅದಲ್ಲದೆ ಆ ವಿಡಿಯೋ ಮಸುಕಾಗಲು ಎಲ್ಲಿಯದೋ ಕಂಪ್ಯೂಟರಿಗೆ ಹೋಗಿ ಬರಬೇಕಿತ್ತು. ಮುಖ ಬೇಡವೆಂದವರ ಮುಖವನ್ನು ಮುಚ್ಚಿಸುವ ಸಲುವಾಗಿ ಮೊದಲು ಯಾರಿಗೋ ಕಳಿಸುವುದು, ಕಳ್ಳನಿಂದ ಕಾಪಾಡೆಂದು ಒಡವೆಯನ್ನು ಸಂತೆಯಲ್ಲಿಟ್ಟು ಬಂದಂತೆ. ಅದನ್ನು ಬಿಟ್ಟೆ.

ಇನ್ನೊಂದು ದಾರಿ ಸುಲಭದ್ದು. ಆ ಹುಡುಗಿಯನ್ನು ಕ್ಯಾಮೆರಾಗೆ ಕಾಣದ ಮೂಲೆಯಲ್ಲಿ ಕೂರಿಸುವುದು. ಶಾಲೆಗೆ ಹೋಗಿ ಅವಳನ್ನೇ ಕರೆದು ಹೇಳಿದೆ. ಬಾಗಿಲ ಹಿಂದೆ ಒಂದು ಸ್ಟೂಲ್ ಹಾಕುತ್ತೇನೆ, ಅಲ್ಲಿಂದಲೇ ಉತ್ತರ ಹೇಳು ಎಂದೆ.

ಅವಳು ಬಾಗಿಲನ್ನು ನೋಡಿದಳು. ಬಾಗಿಲ ಹಿಂದೆ ಪೊರಕೆ ಇತ್ತು. "ಪೊರಕೆ ಪಕ್ದಲ್ಲಾ ಮಿಸ್?"

"ಪೊರಕೆ ತೆಗೆಸ್ತೀನಿ."

"ನಾನೇನ್ ತಪ್ ಮಾಡ್ದೆ ಅಂತ ಅಲ್ ಕೂರ್ಲಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, "ಹೋಗ್ಲಿ ಬುಡಿ, ಅವತ್ತು ನಂಗೆ ಹೊಟ್ಟೆನೋವು" ಎಂದಳು. ಪಾಠ ಇದ್ದದ್ದು ಮುಂದಿನ ವಾರ. ಹೊಟ್ಟೆನೋವಿಗೆ ಅವಳು ಆಗಲೇ ದಿನ ಗೊತ್ತು ಮಾಡಿದ್ದಳು.

ಅವಳು ಹೋದಮೇಲೆ ನಾನು ಖಾಲಿ ತರಗತಿಯಲ್ಲಿ ನಿಂತು ಆ ಬಾಗಿಲನ್ನೇ ನೋಡಿದೆ. ತಾಯಿ ಸರಿಯಾದದ್ದನ್ನೇ ಹೇಳಿದ್ದರು. ಅದಕ್ಕೆ ಮಗಳು ಪೊರಕೆಯ ಪಕ್ಕ ಕೂರಬೇಕೆ? ಸುಮ್ಮನೆ ಹಿಂದಿನ ಬೆಂಚಿಗೆ ಹೋಗಿ ಕೂತೆ. ಅಲ್ಲಿಂದ ಬೋರ್ಡು ಕಂಡಿತು, ಮೇಜು ಕಂಡಿತು, ನಾನು ನಿಲ್ಲುವ ಜಾಗ ಕಂಡಿತು. ಬೆಂಚುಗಳ ಬೆನ್ನುಗಳು ಕಂಡವು. ಅಲ್ಲಿಯೇ ನನಗೆ ಹೊಳೆದದ್ದು. ಇಷ್ಟು ದಿನ ನಾನು ಕ್ಯಾಮೆರಾವನ್ನು ಬೋರ್ಡಿನ ಪಕ್ಕದಲ್ಲೇ ಇಟ್ಟು ಯೋಚಿಸಿದ್ದೆ. ಪರೀಕ್ಷೆ ನನ್ನದು. ನೋಡಬೇಕಾದದ್ದು ನನ್ನ ಮುಖ, ಕೇಳಬೇಕಾದದ್ದು ಅವರ ಮಾತು. ಫೋನನ್ನು ಹಿಂದಿಟ್ಟರೆ ಒಬ್ಬರ ಮುಖವೂ ಬರುವುದಿಲ್ಲ, ಒಬ್ಬರೂ ಆಚೆ ಕೂರಬೇಕಿಲ್ಲ. ನಾನು ಒಬ್ಬಳೇ ಇದ್ದರೂ ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಕಸ ಗುಡಿಸಲು ಬಂದ ಆಯಮ್ಮ ಬಾಗಿಲಲ್ಲಿ ನಿಂತು ನೋಡಿ, ಏನೂ ಕೇಳದೆ ವಾಪಸ್ಸು ಹೋದರು.

ಮೇಷ್ಟ್ರಿಗೆ ಫೋನ್ ಮಾಡಿದೆ. "ಮಕ್ಕಳ ಮುಖ ಕಂಡ್ರೆ ಪಾಲ್ಗೊಳ್ಳೋದು ಗೊತ್ತಾಗುತ್ತೆ ಅಮ್ಮ. ಬೆನ್ನಲ್ಲಿ ಏನು ಗೊತ್ತಾಗುತ್ತೆ?" ಎಂದರು. ನಾನು ಅವರದೇ ಪಾಠವನ್ನು ಅವರಿಗೆ ಒಪ್ಪಿಸಿದೆ. ಅವರು, "ನಾನು ಹೇಳಿದ್ದನ್ನ ನೀವು ನಂಬ್ಬಿಟ್ಟಿದ್ದೀರಿ" ಎಂದರು. "ಮಾಡಿ. ಆದ್ರೆ ಮಕ್ಕಳು ಮಾತಾಡೋದು ಕೇಳಿಸ್ಬೇಕು. ಕೇಳಿಸ್ಲಿಲ್ಲ ಅಂದ್ರೆ ನಾನೇನೂ ಮಾಡಕ್ಕಾಗಲ್ಲ."

ಹುಡುಗಿಗೆ ಸುದ್ದಿ ಹೇಳಿದೆ. ಹೊಟ್ಟೆನೋವು ರದ್ದಾಯಿತು. ಉಳಿದವರಿಗೆ ಹೇಳಲು ಮರೆತೆ.

ಪಾಠದ ದಿನ ತರಗತಿಗೆ ಕಾಲಿಟ್ಟವಳು ಬಾಗಿಲಲ್ಲೇ ನಿಂತೆ. ಮದುವೆ ಮಂಟಪಕ್ಕೆ ಬಂದಂತಿತ್ತು. ಸಮವಸ್ತ್ರವೇನೋ ಸಮವಸ್ತ್ರವೇ, ಆದರೆ ಇಸ್ತ್ರಿಯ ಅಂಚು ಕೈ ಕೊಯ್ಯುವಂತಿತ್ತು. ಹುಡುಗಿಯರ ಜಡೆಯಲ್ಲಿ ಮಲ್ಲಿಗೆ, ಕನಕಾಂಬರ. ಹುಡುಗರು ಪೌಡರಿನಲ್ಲಿ ಅದ್ದಿ ತೆಗೆದ ಬೋಂಡದಂತೆ ಕೂತಿದ್ದರು. ತಾತನ ಮೊಮ್ಮಗ ಕೂಲಿಂಗ್ ಗ್ಲಾಸ್ ಹಾಕಿದ್ದ. ಪಕ್ಕದ ಕಿಟಕಿಗಳಲ್ಲಿ ತಾಯಂದಿರು, ಕೆಲವರು ರೇಷ್ಮೆ ಸೀರೆಯಲ್ಲಿ. ತಾತ ಸ್ವತಃ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

ಕ್ಯಾಮೆರಾ ಹಿಂದಿರುತ್ತದೆ, ಯಾರ ಮುಖವೂ ಬರುವುದಿಲ್ಲ ಎಂದು ಹೇಳಿದೆ. ಹೇಳಿ ನಾನೇ ಕಣ್ಣು ಮುಚ್ಚಿಕೊಂಡೆ.

"ಮತ್ ನಾವ್ ಪೌಡ್ರು ಹಾಕಂಡಿದ್ದು?" ಎಂದ ಮೊಮ್ಮಗ.

"ಬೆನ್ಗೆ ಹಾಕಳ್ಲಾ" ಎಂದ ಇನ್ನೊಬ್ಬ.

ಹುಡುಗಿಯರು ಒಬ್ಬರನ್ನೊಬ್ಬರು ನೋಡಿದರು. ಒಬ್ಬಳು ಮೆಲ್ಲಗೆ ಕೈ ಹಿಂದೆ ಹಾಕಿ ತನ್ನ ಜಡೆ ಮುಟ್ಟಿಕೊಂಡಳು. "ಹೂ ಇರೋದು ಹಿಂದ್ಗಡೇನೇ ಅಲ್ವಾ ಮಿಸ್?" ಎಂದಳು. ಕ್ಷಣದಲ್ಲಿ ಇಡೀ ಬಲಬದಿ ಗೆದ್ದವರಂತೆ ನೆಟ್ಟಗೆ ಕೂತಿತು, ಜಡೆಗಳನ್ನು ಮುಂದಿನಿಂದ ಹಿಂದಕ್ಕೆ ಎಸೆದುಕೊಂಡಿತು. ಎಡಬದಿಯ ಹುಡುಗರ ಹೊಟ್ಟೆಕಿಚ್ಚಿಗೆ ಪೌಡರೇ ಕೆಂಪಾಯಿತು. ತಾಯಂದಿರಲ್ಲಿ ಒಬ್ಬರು ಕಿಟಕಿಯಾಚೆಯಿಂದ, "ನಾಲ್ಕ್ ಮೊಳ ಮುಡ್ಸಿದ್ದು ವೇಸ್ಟಾಗ್ನಿಲ್ಲ ಬುಡು" ಎಂದರು.

ಫೋನನ್ನು ಹಿಂದಿನ ಕಿಟಕಿಯ ಕಟ್ಟೆಯ ಮೇಲೆ, ಎರಡು ಇಟ್ಟಿಗೆಗಳ ನಡುವೆ ನಿಲ್ಲಿಸಿ ಒತ್ತಿದೆ. ಮುಂದೆ ಬಂದು ನಿಂತೆ.

"ಬಚ್ಚಲಲ್ಲಿ ಕಾಲು ಜಾರುತ್ತೆ, ಜಗುಲೀಲಿ ಜಾರಲ್ಲ. ಯಾಕೆ?" ಎಂದೆ. ಆ್ಯಪು ಕೊಟ್ಟ ಕರಡಿನಲ್ಲಿ ಈ ಜಾಗದಲ್ಲಿ ಹಿಮದ ಮೇಲೆ ಜಾರುವ ಆಟವಿತ್ತು. ಹಿಮ ಇಲ್ಲಿ ಐಸ್‌ಕ್ಯಾಂಡಿ ಡಬ್ಬಿಯಲ್ಲಿ ಮಾತ್ರ ಸಿಗುವುದರಿಂದ ಬಚ್ಚಲು ಹಾಕಿಕೊಂಡಿದ್ದೆ.

ಉತ್ತರ ಬರುವ ಮೊದಲೇ ಜಾರಿದ್ದು ನನ್ನ ಫೋನು. ಕಟ್ಟೆಯ ನುಣ್ಣನೆ ಗಾರೆಯ ಮೇಲೆ ಇಟ್ಟಿಗೆ ಸರಿದು, ಫೋನು ವಾಲಿ, ಬೀಳುವುದರಲ್ಲಿತ್ತು. ಕಿಟಕಿಯ ಸರಳುಗಳ ನಡುವಿನಿಂದ ಒಂದು ಕೈ ಒಳಗೆ ಬಂದು ಅದನ್ನು ಹಿಡಿಯಿತು. ಹಸಿರು ಬಳೆ, ಉಗುರಿನ ಸುತ್ತ ಕೆಂಪು ಅರಗಿನ ಬಣ್ಣ. ಕಿಟಕಿಯಾಚೆ ಆ ಹುಡುಗಿಯ ತಾಯಿ ನಿಂತಿದ್ದರು. ಹೇಳಿದ ಮಾತು ಉಳಿಸಿಕೊಳ್ಳುತ್ತೇನೋ ಇಲ್ಲವೋ ನೋಡಲು ಅರ್ಧ ದಿನದ ರಜೆ ಹಾಕಿ ಬಂದಿದ್ದರಂತೆ, ಆಮೇಲೆ ಗೊತ್ತಾಯಿತು.

"ನೀವ್ ಪಾಠ ಮಾಡಿ ಮೇಡಮ್. ನಾನ್ ಹಿಡ್ಕತ್ತೀನಿ" ಎಂದರು.

ಪಾಠ ಮುಗಿಯುವವರೆಗೂ ಅವರು ಹಿಡಿದೇ ಇದ್ದರು. ಬರೀ ಹಿಡಿಯಲಿಲ್ಲ, ಕಾವಲು ಕಾದರು. ಯಾವುದಾದರೂ ಮಗು ಹಿಂದಕ್ಕೆ ತಿರುಗಿದರೆ ಸಾಕು, ಅವರ ಇನ್ನೊಂದು ಕೈಯಿಂದ ಸೀರೆಯ ಸೆರಗು ಬಂದು ಕ್ಯಾಮೆರಾವನ್ನು ಮುಚ್ಚುತ್ತಿತ್ತು. "ಮುಂದ್ಕೆ ನೋಡ್ಲಾ" ಎಂದು ಅವರು ಗದರುವುದು, ಸೆರಗು ಸರಿಯುವುದು, ಪಾಠ ಮುಂದುವರಿಯುವುದು. ಕೂಲಿಂಗ್ ಗ್ಲಾಸಿನವನು ಬೇಕೆಂದೇ ತಿರುಗುತ್ತಿದ್ದ. ಅವನ ತಲೆಗೆ ಕಿಟಕಿಯಿಂದ ಒಂದು ಸೀಮೆಸುಣ್ಣದ ಚೂರು ಬಂದು ತಗುಲಿತು. ಅದು ಕುರ್ಚಿಯಲ್ಲಿ ಕೂತ ತಾತನದು.

"ಬಚ್ಲಲ್ಲಿ ಪಾಚಿ ಮಿಸ್" ಎಂದಳು ಹುಡುಗಿ. "ಕಾಲಿಗೂ ನೆಲಕ್ಕೂ ಹಿಡ್ತ ಸಿಕ್ಕಲ್ಲ."

"ಇಲ್ಲ ಮಿಸ್, ಇವ್ಳು ಸ್ನಾನ ಮಾಡಲ್ಲ, ಇವ್ಳಿಗೇನ್ ಗೊತ್ತು" ಎಂದಿತು ಎಡಬದಿ.

ಅಲ್ಲಿಗೆ ಜಾಡಿಯ ಮುಚ್ಚಳ ಹಾರಿತು. ಟಯರಿಗೆ ಗೆರೆ ಯಾಕಿರುತ್ತದೆ, ಬಾವಿ ಗಡಗಡೆಗೆ ಎಣ್ಣೆ ಯಾಕೆ ಬಿಡುತ್ತಾರೆ, ಎಲ್ಲ ಅವರೇ ಹೇಳಿದರು. ಘರ್ಷಣೆಯಿಂದ ಉಪಯೋಗವೇನೆಂದು ಕೇಳಿದಾಗ ಅವಳು ಎದ್ದು ನಿಂತು, "ಬೊಂಬೆಗೆ ಬಣ್ಣ ಹತ್ತೋದೇ ಅದ್ರಿಂದ ಮಿಸ್. ಮಷೀನಲ್ಲಿ ಮರ ತಿರುಗ್ತಿರುವಾಗ ಅರಗಿನ ಕಡ್ಡಿ ಒತ್ತುದ್ರೆ ಉಜ್ಜಿ ಉಜ್ಜಿ ಬಿಸಿಯಾಗಿ ಕರಗ್ತದೆ. ಬೆಂಕಿನೇ ಬ್ಯಾಡ" ಎಂದಳು. ಹಿಂದಿನ ಕಿಟಕಿಯ ಕೈ ಒಮ್ಮೆ ಅಲುಗಿತು. ವಿಡಿಯೋದಲ್ಲಿ ಆ ಜಾಗದಲ್ಲಿ ಭೂಕಂಪವಾದಂತಿದೆ.

ನಾನು ಹೆಚ್ಚು ಮಾತಾಡಲಿಲ್ಲ. ಮಾತಾಡಲು ನನಗೆ ಜಾಗವೇ ಸಿಗಲಿಲ್ಲ.

ಮನೆಗೆ ಬಂದು ಗಂಡನ ಜೊತೆ ಕೂತು ವಿಡಿಯೋ ನೋಡಿದೆ. ಜಡೆಗಳು, ಮಲ್ಲಿಗೆ, ಕೈಗಳು, ದೂರದಲ್ಲಿ ಬೆವರುತ್ತಿರುವ ನಾನು. ಒಂದು ಮುಖವೂ ಇಲ್ಲ. ಕುಣಿಯಬೇಕೆನ್ನಿಸಿತು, ಮಂಡಿ ಬೇಡವೆಂದಿತು. ಅಷ್ಟರಲ್ಲಿ ಚಿಂತೆಯೂ ಬಂದು ಪಕ್ಕದಲ್ಲಿ ಕೂತಿತು. ಮುಖ ಬೇಡವೆಂದವರ ಹತ್ತಿರ ನಾನು ದನಿಯ ಬಗ್ಗೆ ಕೇಳಿಯೇ ಇರಲಿಲ್ಲ.

"ಅವ್ರೇ ಹಿಡ್ಕೊಂಡಿದ್ರಲ್ಲ, ಇನ್ನೇನು ಕೇಳ್ತೀಯ?" ಎಂದರು ಗಂಡ.

"ಹಿಡ್ಕೊಂಡಿದ್ದು ಫೋನು ಬೀಳುತ್ತೆ ಅಂತ. ಒಪ್ಪಿಗೆ ಅಂತಲ್ಲ."

ಮಾರನೇ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಬೊಂಬೆ ಘಟಕಕ್ಕೆ ಹೋದೆ. ಯಂತ್ರಗಳು ನಿಂತಿದ್ದವು. ಅವರೂ ಜೊತೆಯವರೂ ಮರದ ಹೊಟ್ಟಿನ ನಡುವೆ ಡಬ್ಬಿ ಬಿಚ್ಚಿ ಕೂತಿದ್ದರು. ವಿಷಯ ಹೇಳಿದೆ. "ಕೇಳ್ಸಿ ಒಸಿ" ಎಂದರು. ಕೇಳಿಸಿದೆ. ಮಗಳ ಅರಗಿನ ಉತ್ತರ ಬಂದಾಗ ಜೊತೆಯ ಹೆಂಗಸರು ಊಟ ನಿಲ್ಲಿಸಿದರು. ಒಬ್ಬರು, "ನಿನ್ನ ಮಗಳು ನಿನ್ ಕೆಲ್ಸಕ್ಕೇ ಬತ್ತಾಳೆ ನೋಡು" ಎಂದು ಕಾಲೆಳೆದರು.

"ಇಲ್ಲ, ಇವ್ರ ಕೆಲ್ಸಕ್ ಬತ್ತಾಳೆ" ಎಂದು ಅವರು ನನ್ನನ್ನು ತೋರಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ದನಿ ಹೋಗ್ಲಿ ಮೇಡಮ್. ಆದ್ರೆ ನಿಮ್ ಕೆಲ್ಸ ಆದ್ಮೇಲೆ ಅಳ್ಸಿ. ನನ್ ಮುಂದೇನೇ ಅಳ್ಸಿ" ಎಂದರು.

ಕಾಲೇಜಿನಲ್ಲಿ ಮೇಷ್ಟ್ರು ನನ್ನ ಫೋನಿನಲ್ಲೇ ವಿಡಿಯೋ ನೋಡಿದರು. ಪ್ರತಿ ತೆಗೆದುಕೊಳ್ಳಬಾರದೆಂದು ಕೇಳಿಕೊಂಡಿದ್ದೆ. ಸೆರಗು ಬಂದು ಪರದೆ ಕೆಂಪಾದಾಗಲೆಲ್ಲ ಅವರು ಹುಬ್ಬು ಏರಿಸುತ್ತಿದ್ದರು.

"ಇದು ಯಾರ ಸೆರಗಮ್ಮ?"

"ಹೆತ್ತವರದ್ದು ಸಾರ್."

"ಒಪ್ಪಿಗೆ ತಗೊಂಡು ಬನ್ನಿ ಅಂದ್ರೆ ಅವರನ್ನೇ ಕರ್ಕೊಂಡ್ ಬಂದ್ರಾ?" ಎಂದು ನಗತೊಡಗಿದವರು, ಬಚ್ಚಲಿನ ಜಗಳ ಬಂದಾಗ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಕೊನೆಯಲ್ಲಿ, "ಉತ್ತರ ಹೇಳೋ ಹುಡುಗಿ ಹೆಸರೇನು?" ಎಂದರು.

"ಹೆಸರಿಗೆ ಒಪ್ಪಿಗೆ ತಗೊಂಡಿಲ್ಲ ಸಾರ್."

ಅವರು ನನ್ನನ್ನೇ ದಿಟ್ಟಿಸಿ ನೋಡಿ, ಷರಾ ಬರೆದರು: "ಮಕ್ಕಳು ಮಾತಾಡುತ್ತಾರೆ. ಶಿಕ್ಷಕಿಗೆ ಸುಮ್ಮನಿರುವುದು ಬರುತ್ತಿದೆ." ಪಾಸು.

ಅಂಕ ಪಟ್ಟಿಗೇರಿದ ವಾರ ಮತ್ತೆ ಘಟಕಕ್ಕೆ ಹೋದೆ, ಚನ್ನಪಟ್ಟಣದಿಂದ ಮೈಸೂರುಪಾಕು ಕಟ್ಟಿಸಿಕೊಂಡು. ಎಲ್ಲರಿಗೂ ಹಂಚಿ, ಫೋನು ತೆಗೆದು, ಅಳಿಸುವ ಗುರುತು ತೋರಿಸಿದೆ. ಅವರು ಕೈ ಸೀರೆಗೆ ಒರೆಸಿಕೊಂಡು ಫೋನು ಇಸಿದುಕೊಂಡರು. ಬೆರಳು ಅದರ ಹತ್ತಿರ ಹೋಗಿ ನಿಂತಿತು.

"ಒಂದ್ ದಪ ಕೇಳಣ" ಎಂದರು.

ಕೇಳಿದೆವು. ಅರಗಿನ ಉತ್ತರ, ಭೂಕಂಪ. ಇನ್ನೊಂದು ಸಲವೂ ಕೇಳಿದೆವು. ನನ್ನ ಬಾಯಿಯ ತುದಿಗೆ ಬಂದಿತ್ತು, ಬೇಕಿದ್ದರೆ ಇಟ್ಟುಕೊಳ್ಳೋಣ, ನಿಮ್ಮ ಫೋನಿಗೂ ಕಳಿಸುತ್ತೇನೆ ಎಂದು. ನಾನು ಜೀವನದಲ್ಲಿ ಚೆನ್ನಾಗಿ ಮಾಡಿದ ಒಂದೇ ಪಾಠ ಅದರಲ್ಲಿತ್ತು. ಆದರೆ ಬೇಕೆಂದರೆ ಅವರೇ ಕೇಳಬೇಕು, ನಾನಾಗಿ ಕೊಡಲು ಹೋಗಬಾರದು. ಷರಾ ಬರೆದವರು ಸುಳ್ಳು ಹೇಳಿಲ್ಲವೆಂದು ತೋರಿಸಲು ಸುಮ್ಮನಿದ್ದೆ.

ಅವರು ಒತ್ತಿದರು. ಒತ್ತಿದ ಮೇಲೂ ಅದು ಫೋನಿನ ಕಸದಬುಟ್ಟಿಯಲ್ಲಿ ಕೆಲವು ದಿನ ಇರುತ್ತದೆಂದು ನಾನು ಹೇಳಿದೆ. ಚಿಂತೆ ಮಾಡುವವರಿಗೆ ಇಂಥವೆಲ್ಲ ಗೊತ್ತಿರುತ್ತವೆ. "ಅಲ್ಲಿಂದಾನೂ ತಗೀರಿ" ಎಂದರು. ಅಲ್ಲಿಂದಲೂ ತೆಗೆದೆವು.

"ಈಗ ಎಲ್ಲೂ ಇಲ್ವಾ?"

"ಎಲ್ಲೂ ಇಲ್ಲ."

ಅವರು ಮೈಸೂರುಪಾಕಿನ ಕೊನೆಯ ತುಂಡನ್ನು ಕಾಗದದಲ್ಲಿ ಸುತ್ತಿ ಮಗಳಿಗೆಂದು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಮನೇಲಿ ದಿನಾ ಹಿಂಗೇ ವಟಗುಟ್ತಾಳೆ ಮೇಡಮ್, ತಲೆ ತಿನ್ತಾಳೆ" ಎಂದು ಹೇಳಿ ಯಂತ್ರದ ಗುಂಡಿ ಒತ್ತಿದರು. ಮರ ತಿರುಗತೊಡಗಿತು. ಆ ಸದ್ದಿನಲ್ಲಿ ಅವರು ಇನ್ನೇನೋ ಹೇಳಿ ನಕ್ಕರು, ನನಗೆ ಕೇಳಿಸಲಿಲ್ಲ, ನಾನೂ ನಕ್ಕೆ.